ಮನೆ ಕಟ್ಟುವುದಕ್ಕೆ ಮುನ್ನ

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ಯಾರೂ ಇರಲಾರರು. ಈ ಗಾದೆಯನ್ನು ಮೊದಲು ಆಡಿದ ಹಿರಿಯನ ಕಾಲದಲ್ಲಿ ಕಲ್ಲು, ಮರ, ಮಣ್ಣು, ಹಣ ಇವುಗಳನ್ನು ಒದಗಿಸಿಕೊಳ್ಳುವುದೇ ಮನೆ ಕಟ್ಟುವವನ ಕಷ್ಟವಾಗಿದ್ದಿರಬೇಕು. ಇಂದು ಅವೆಲ್ಲಕ್ಕೂ ಮೊದಲು ಒದಗಿಸಿಕೊಳ್ಳಬೇಕಾದುದು ಕಾಗದ. ಗುದ್ದಲಿ ನೆಲಕ್ಕೆ ತಾಗುವ ಮುಂಚೆ ನಗರಸಭೆಯಿಂದ ಕಟ್ಟಡದ ಪರವಾನಗಿಯನ್ನು ಪಡೆಯಬೇಕೆಂಬುದು ಎಲ್ಲರಿಗೂ ತಿಳಿದ ಸಂಗತಿಯೇ ಆದರೂ, ಆ ಪರವಾನಗಿ ಏತಕ್ಕೆ, ಅದನ್ನು ಯಾರು ಯಾವ ಅಧಿಕಾರದಿಂದ ಕೊಡುವರು, ಕೊಡದೆ ಹೋದರೆ ಏತಕ್ಕೆ ಕೊಡುವುದಿಲ್ಲ ಎಂಬುದನ್ನು ಬಲ್ಲವರು ಕಡಿಮೆ. ಮೂರು ವರ್ಷ ರಾಜ್ಯಶಾಸ್ತ್ರವನ್ನು ಓದಿದ ನನಗೂ ತಿಳಿದಿರಲಿಲ್ಲ. ಕಳೆದ ವರ್ಷ ನಮ್ಮ ಮನೆಯ ಅರ್ಜಿಯೊಂದನ್ನು ಹಿಡಿದು ಆಫೀಸಿನ ಮೆಟ್ಟಿಲುಗಳನ್ನು ಹತ್ತಿ ಇಳಿದ ಮೇಲೆ ಅಷ್ಟಿಷ್ಟು ತಿಳಿಯಿತು. ನಮ್ಮ ಕಾಲೇಜಿನಲ್ಲಿ ಓದುತ್ತಿರುವ ಅನೇಕರ ಮನೆಗಳಲ್ಲಿ ಇಂದೋ ನಾಳೆಯೋ ಇಂಥ ಅರ್ಜಿಯನ್ನು ಬರೆಯುವ ಕೆಲಸ ಓದಿದ ಮಗನ, ಮಗಳ ಪಾಲಿಗೇ ಬರುವುದರಿಂದ, ತಿಳಿದಷ್ಟನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಅಧಿಕಾರದ ಮಾತು. ಕರ್ನಾಟಕದಲ್ಲಿ ಮಹಾನಗರಪಾಲಿಕೆಗಳನ್ನು ಬಿಟ್ಟರೆ ಉಳಿದ ಪಟ್ಟಣಗಳ ಆಡಳಿತವು 1964ರ ಪುರಸಭೆಗಳ ಕಾಯಿದೆಗೆ ಒಳಪಟ್ಟಿದೆ. ಜನಸಂಖ್ಯೆ 20,000ದಿಂದ 50,000ದವರೆಗಿನ ಊರಿಗೆ ಪುರಸಭೆ. 50,000ದಿಂದ 3 ಲಕ್ಷದವರೆಗಿನ ಊರಿಗೆ ನಗರಸಭೆ. ಹೊಸದಾಗಿ ಕಟ್ಟಡವನ್ನು ಕಟ್ಟಬಯಸುವವನು ಮುಂಚಿತವಾಗಿ ತಿಳಿವಳಿಕೆ ಕೊಟ್ಟು ಅನುಮತಿಯನ್ನು ಪಡೆಯತಕ್ಕದ್ದೆಂದು ಈ ಕಾಯಿದೆಯ 187ನೆಯ ಪ್ರಕರಣವು ವಿಧಿಸುತ್ತದೆ. 1992ರಲ್ಲಿ ಅಂಗೀಕಾರವಾದ ಸಂವಿಧಾನದ 74ನೆಯ ತಿದ್ದುಪಡಿಯಿಂದ ಸೇರಿದ ಹನ್ನೆರಡನೆಯ ಅನುಸೂಚಿಯನ್ನು ನಾವು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೇವಷ್ಟೆ. ಅದರ ಮೊದಲನೆಯ ಬಾಬು ನಗರ ಯೋಜನೆ. ಎರಡನೆಯದು ಭೂಬಳಕೆಯ ನಿಯಂತ್ರಣ ಮತ್ತು ಕಟ್ಟಡಗಳ ನಿರ್ಮಾಣ. ಹದಿನೆಂಟು ಬಾಬುಗಳನ್ನೂ ಒಂದೇ ಉಸಿರಿಗೆ ಒಪ್ಪಿಸಬಲ್ಲ ನಾನು, ಆ ಎರಡನೆಯ ಬಾಬು ನಮ್ಮೂರ ನಗರಸಭೆಯ ಮೊದಲನೆಯ ಮಹಡಿಯ ಯಾವ ಕೊಠಡಿಯಲ್ಲಿ ಕುಳಿತಿದೆ ಎಂಬುದನ್ನು ಹುಡುಕಲು ಅರ್ಧ ಗಂಟೆ ತೆಗೆದುಕೊಂಡೆನೆಂಬುದನ್ನು ನಾಚಿಕೆಯಿಂದಲೇ ಹೇಳಬೇಕಾಗಿದೆ.

"ಜಾಗ ನಮ್ಮದು, ದುಡ್ಡು ನಮ್ಮದು, ಇವರನ್ನು ಕೇಳುವುದೇನು?" ಎಂದು ಅನೇಕರು ಹೇಳುವರು. ಈ ಪ್ರಶ್ನೆ ಹಳೆಯದು. ಇದಕ್ಕೆ ಉತ್ತರವೂ ಹಳೆಯದೇ. ಕೌಟಿಲ್ಯನ ಅರ್ಥಶಾಸ್ತ್ರದ ಮೂರನೆಯ ಅಧಿಕರಣದಲ್ಲಿ ಮನೆ ಕಟ್ಟುವವನು ನೆರೆಯವನ ಗೋಡೆಯಿಂದ ಬಿಡಬೇಕಾದ ಅಂತರ, ಬಚ್ಚಲ ನೀರು ಹರಿದುಹೋಗಬೇಕಾದ ಬಗೆ ಇವುಗಳನ್ನು ಕುರಿತ ನಿಯಮಗಳಿವೆ. ತಪ್ಪಿದವನಿಗೆ ದಂಡವೂ ಉಂಟು. ಇನ್ನೂ ಹತ್ತಿರದ ಉದಾಹರಣೆ ಬೇಕಾದರೆ ನಮ್ಮ ನಾಡಿನದೇ ಇದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಹಳೆಯ ಪೇಟೆಯ ಇಕ್ಕಟ್ಟು ಓಣಿಗಳಲ್ಲಿ ಗಾಳಿಬೆಳಕಿಲ್ಲದ ಮನೆಗಳು ಒಂದಕ್ಕೊಂದು ಅಂಟಿಕೊಂಡಿದ್ದುವು. ಆ ಹೊಡೆತದ ಬಳಿಕ ಬೆಳೆದ ಬಸವನಗುಡಿ, ಮಲ್ಲೇಶ್ವರಗಳಲ್ಲಿ ನೇರವಾದ ಅಗಲ ಬೀದಿಗಳನ್ನೂ ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿಗಳನ್ನೂ ಬಿಟ್ಟರು. ಮೈಸೂರಿನಲ್ಲಿ 1903ರಲ್ಲೇ ನಗರದ ಸುಧಾರಣೆಗೆಂದು ಟ್ರಸ್ಟ್ ಬೋರ್ಡು ಹುಟ್ಟಿತು. ಮನೆಯ ಸುತ್ತ ಇಷ್ಟು ಜಾಗ ಬಿಡು ಎಂದು ಇಂದಿನ ಇಂಜಿನಿಯರು ಕೆಂಪು ಶಾಯಿಯಲ್ಲಿ ಬರೆಯುವಾಗ ಅದರ ಹಿಂದೆ ಇಂಥ ಸಾವುಗಳ ನೆನಪಿದೆ.

ಈಗ ನಕ್ಷೆಯ ವಿಚಾರ. ನಕ್ಷೆಯಲ್ಲಿ ಮುಖ್ಯವಾಗಿ ನೋಡುವುದು ಎರಡು. ಒಂದು, ನಾಲ್ಕು ಕಡೆ ಬಿಡಬೇಕಾದ ಖಾಲಿ ಜಾಗ, ಅಂದರೆ ಸೆಟ್‌ಬ್ಯಾಕ್. ಇನ್ನೊಂದು, ಎಲ್ಲ ಅಂತಸ್ತುಗಳ ನೆಲವನ್ನೂ ಕೂಡಿಸಿದರೆ ನಿವೇಶನದ ಎಷ್ಟು ಪಾಲು ಆಗುತ್ತದೆ ಎಂಬ ಲೆಕ್ಕ, ಇದನ್ನು ಎಫ್.ಎ.ಆರ್. ಎನ್ನುವರು. 1200 ಚದರಡಿಯ ನಿವೇಶನಕ್ಕೆ ಎಫ್.ಎ.ಆರ್. 1.75 ಎಂದು ಇಟ್ಟುಕೊಂಡರೆ ಎಲ್ಲ ಅಂತಸ್ತುಗಳೂ ಸೇರಿ 2100 ಚದರಡಿಗಿಂತ ಹೆಚ್ಚು ಕಟ್ಟುವಂತಿಲ್ಲ. ಇದು ಸುಲಭ. ಸೆಟ್‌ಬ್ಯಾಕಿನ ಲೆಕ್ಕದಲ್ಲಿ ಮಾತ್ರ ಒಂದು ಸೂಕ್ಷ್ಮವಿದೆ. ಮೂವತ್ತು ನಲವತ್ತರ ನಿವೇಶನದಲ್ಲಿ ನಾಲ್ಕು ಕಡೆಗೂ ಮೂರು ಮೂರು ಅಡಿ ಬಿಟ್ಟರೆ ಉಳಿಯುವುದು ಇಪ್ಪತ್ತನಾಲ್ಕು ಮೂವತ್ತನಾಲ್ಕು, ಎಂದರೆ 816 ಚದರಡಿ. ಹೋದದ್ದು ಸುಮಾರು ಮೂರನೆಯ ಒಂದು ಪಾಲು. ಇಪ್ಪತ್ತು ಮೂವತ್ತರ ನಿವೇಶನದಲ್ಲಿ ಅದೇ ಮೂರು ಅಡಿ ಬಿಟ್ಟರೆ ಉಳಿಯುವುದು ಹದಿನಾಲ್ಕು ಇಪ್ಪತ್ತನಾಲ್ಕು. 600 ಚದರಡಿಯಲ್ಲಿ 336. ಹೆಚ್ಚುಕಡಮೆ ಅರ್ಧ ಸೈಟು ಗಾಳಿಗೇ ಹೋಯಿತು! ನಿಯಮಗಳನ್ನು ಮಾಡಿದವರಿಗೆ ಇದು ತಿಳಿಯದೆ ಇಲ್ಲ. ಸಣ್ಣ ನಿವೇಶನಕ್ಕೆ ಬಿಡಬೇಕಾದ ಜಾಗವನ್ನು ಅವರು ಕಡಿಮೆ ಮಾಡಿಯೇ ಇದ್ದಾರೆ. ಆದರೂ ಸಣ್ಣ ಸೈಟಿನವನಿಗೆ ಒಂದೊಂದು ಅಡಿಯೂ ಒಂದೊಂದು ಕೋಣೆಯ ಪ್ರಶ್ನೆಯಾದ್ದರಿಂದ, ನಿಯಮವನ್ನು ಮೀರುವ ಆಸೆಯೂ ಅವನಿಗೇ ಹೆಚ್ಚು. ದೊಡ್ಡ ಸೈಟಿನವರು ಮೀರುವುದಿಲ್ಲವೆಂದಲ್ಲ. ಅವರಿಗೆ ಆ ಅಗತ್ಯವಿಲ್ಲ, ಅಷ್ಟೆ.

ಈ ಲೆಕ್ಕವನ್ನು ನನಗೆ ಹೇಳಿಕೊಟ್ಟವರು ನಮ್ಮ ತಂದೆ. ಅವರು ಗಾರೆ ಕೆಲಸದವರು. ಮೂವತ್ತು ವರ್ಷದಿಂದ ಇತರರ ಮನೆಗಳನ್ನು ಕಟ್ಟುತ್ತ ಬಂದಿದ್ದಾರೆ. ಅವರಿಗೆ ಅಕ್ಷರ ಬಾರದು. ತಮ್ಮ ಹೆಸರನ್ನು ಮಾತ್ರ ಬರೆಯುವರು. ಆದರೆ ನಕ್ಷೆಯನ್ನು ಅವರ ಮುಂದೆ ಹಾಸಿದರೆ, ನಾವು ಪತ್ರಿಕೆಯನ್ನು ಓದುವಂತೆ ಓದುವರು. ನಮ್ಮ ಇಂಜಿನಿಯರು ಬರೆದುಕೊಟ್ಟ ನಕ್ಷೆಯಲ್ಲಿ ಅಡಿಗೆಮನೆಯ ಬಾಗಿಲಿನ ಕಮಾನುಗೆರೆಯನ್ನು ನಾನು ಒಲೆಯೆಂದು ತಿಳಿದಿದ್ದೆ. "ಅದು ಬಾಗಿಲು ಕಣೋ, ಒಳಕ್ಕೆ ತೆರೆಯುತ್ತೆ ಅಂತ ಬರೆದವ್ರೆ. ಬಿ.ಎ. ಓದಿ ಇದು ಗೊತ್ತಾಗಲ್ವಾ?" ಎಂದು ನಕ್ಕರು. ನಕ್ಷೆ ಅವರ ಪಾಲು, ಕಾಗದ ನನ್ನ ಪಾಲು ಎಂದು ಅಂದೇ ನಮ್ಮಲ್ಲಿ ಹಂಚಿಕೆಯಾಯಿತು. ನಿಜವಾದ ಕಷ್ಟವೆಲ್ಲ ನನ್ನ ಪಾಲಿನಲ್ಲಿದೆ ಎಂಬುದು ಆಗ ಇಬ್ಬರಿಗೂ ತಿಳಿದಿರಲಿಲ್ಲ.

ಏಕೆಂದರೆ, ಪರವಾನಗಿಯ ಅರ್ಜಿಯಲ್ಲಿ ನಕ್ಷೆಯಿಂದ ತೊಂದರೆಯಾಗುವುದು ಅಪರೂಪ. ತಪ್ಪಿದ್ದರೆ ಇಂಜಿನಿಯರು ಅಳಿಸಿ ಮತ್ತೆ ಬರೆಯುವನು. ಈಗಂತೂ ಅರ್ಜಿಯೂ ನಕ್ಷೆಯೂ ಗಣಕಯಂತ್ರದ ಮೂಲಕವೇ ಹೋಗುವುದರಿಂದ ಅಂಥ ತಪ್ಪುಗಳು ಬೇಗ ಗೊತ್ತಾಗುತ್ತವೆ. ಅರ್ಜಿ ನಿಲ್ಲುವುದು ನೆಲದ ಕಾಗದಗಳಲ್ಲಿ. ಕ್ರಯಪತ್ರ, ಋಣಭಾರ ಪತ್ರ, ಖಾತೆಯ ನಕಲು, ಚಾಲ್ತಿ ಸಾಲಿನ ಕಂದಾಯದ ರಸೀತಿ, ಭೂಪರಿವರ್ತನೆಯ ಆದೇಶ, ಬಡಾವಣೆಯ ಅನುಮೋದಿತ ನಕ್ಷೆ ಇವೆಲ್ಲವೂ ಒಂದಕ್ಕೊಂದು ಹೊಂದಬೇಕು. ಜನರು ಇ.ಸಿ. ಎಂದು ಕರೆಯುವ ಋಣಭಾರ ಪತ್ರದ ಬಗ್ಗೆ ಒಂದು ಮಾತು: ಆಸ್ತಿಯ ಮೇಲೆ ವ್ಯವಹಾರಗಳು ನಡೆದಿದ್ದರೆ ಅದು ನಮೂನೆ 15ರಲ್ಲಿಯೂ, ಏನೂ ನಡೆದಿಲ್ಲದಿದ್ದರೆ ನಮೂನೆ 16ರಲ್ಲಿಯೂ ಬರುತ್ತದೆ. ಹದಿನಾರು ಬಂದಿತೆಂದು ಗಾಬರಿಯಾಗಬೇಕಾದ್ದಿಲ್ಲ. ಆದರೆ ತಾನು ನೋಂದಾಯಿಸಿಕೊಂಡ ಕ್ರಯವೇ ಅದರಲ್ಲಿ ಕಾಣದಿದ್ದರೆ ಗಾಬರಿಯಾಗಬೇಕು.

ನಮ್ಮ ಅರ್ಜಿ ನಿಂತದ್ದು ಚೆಕ್ಕುಬಂದಿಯಲ್ಲಿ. ನಮ್ಮ ನಿವೇಶನ ಇಪ್ಪತ್ತು ಮೂವತ್ತರದು. ಹದಿನಾಲ್ಕು ವರ್ಷದ ಹಿಂದೆ ನಮ್ಮ ತಂದೆ ಕಂತು ಕಂತಾಗಿ ಹಣ ಕಟ್ಟಿ ಕೊಂಡದ್ದು. ಬಡಾವಣೆಯ ನಕ್ಷೆಯಂತೆ ಅದು ಪೂರ್ವ ಪಶ್ಚಿಮ ಮೂವತ್ತಡಿ, ಉತ್ತರ ದಕ್ಷಿಣ ಇಪ್ಪತ್ತಡಿ. ಕ್ರಯಪತ್ರವನ್ನು ಬರೆದವರು ಅದನ್ನು ತಿರುವುಮುರುವಾಗಿ ಬರೆದುಬಿಟ್ಟಿದ್ದರು. ಖಾತೆಯೂ ಕ್ರಯಪತ್ರವನ್ನು ನೋಡಿಯೇ ಆದದ್ದರಿಂದ ಅಲ್ಲಿಯೂ ಅದೇ ತಪ್ಪು. ಕೊಳ್ಳುವ ದಿನ ನಮ್ಮ ತಂದೆ ಸೈಟನ್ನು ಸ್ವತಃ ಟೇಪು ಹಿಡಿದು ಅಳೆದಿದ್ದರು; ಅಂಗುಲದಷ್ಟೂ ತಪ್ಪಿರಲಿಲ್ಲ. ಆದರೆ ಪತ್ರದಲ್ಲಿ ಏನು ಬರೆದಿದೆ ಎಂಬುದನ್ನು ಅವರಿಗೆ ಯಾರೂ ಓದಿ ಹೇಳಲಿಲ್ಲ. ಆಗ ನಾನು ಒಂದನೆಯ ತರಗತಿಗೂ ಸೇರಿರಲಿಲ್ಲವೆಂದು ಸಮಾಧಾನ ಮಾಡಿಕೊಳ್ಳಬಹುದು. ಆದರೆ ಹೈಸ್ಕೂಲಿಗೆ ಬಂದ ಮೇಲೂ ಆ ಪತ್ರ ನಮ್ಮ ಟ್ರಂಕಿನಲ್ಲಿಯೇ ಇತ್ತು, ನಾನು ಒಂದು ದಿನವೂ ಅದನ್ನು ಬಿಚ್ಚಿ ಓದಲಿಲ್ಲ.

"ಏನಪ್ಪ, ನಿಮ್ಮ ಸೈಟು ಪತ್ರದಲ್ಲಿ ಒಂದು ದಿಕ್ಕಿಗೆ ಮಲಗಿದೆ, ನಕ್ಷೆಯಲ್ಲಿ ಇನ್ನೊಂದು ದಿಕ್ಕಿಗೆ ಮಲಗಿದೆಯಲ್ಲ?" ಎಂದರು ಗುಮಾಸ್ತರು.

"ಬರೆಯುವಾಗ ಆದ ತಪ್ಪು ಸಾರ್. ಸ್ಥಳಕ್ಕೆ ಬಂದು ನೋಡಬಹುದಲ್ಲ?"

"ನೋಡಬಹುದು. ಆದರೆ ಫೈಲಿನಲ್ಲಿ ನಾನು ಸ್ಥಳವನ್ನು ಇಡುವುದಕ್ಕಾಗುತ್ತದೆಯೆ? ಪತ್ರವನ್ನೇ ಇಡಬೇಕು."

ಅವರ ಮಾತು ನನಗೆ ಅಂದು ಕುಚೋದ್ಯವಾಗಿ ಕಂಡಿತು. ಈಗ ಹಾಗೆ ತೋರುವುದಿಲ್ಲ. ಅಳತೆ ತಿರುಗಿದರೆ ನಮ್ಮ ಮೂವತ್ತಡಿ ಪಕ್ಕದವರ ಸೈಟಿನೊಳಕ್ಕೆ ಹತ್ತಡಿ ಹೋಗುತ್ತದೆ. ಪತ್ರವನ್ನೇ ನಂಬಿ ಪರವಾನಗಿ ಕೊಟ್ಟಿದ್ದರೆ ನಾಳೆ ಆ ಪಕ್ಕದವರು ಕೋರ್ಟಿಗೆ ಹೋಗುತ್ತಿದ್ದರು. ಇಂಥ ತಪ್ಪಿಗೆ ಉಪಾಯ ತಿದ್ದುಪಡಿ ಪತ್ರ. ಅದು ನೋಂದಣಿಯಾಗಬೇಕಾದರೆ ಮೊದಲು ಮಾರಿದವರೇ ಉಪನೋಂದಣಾಧಿಕಾರಿಗಳ ಮುಂದೆ ಬಂದು ಸಹಿ ಹಾಕಬೇಕು. ನಮಗೆ ಮಾರಿದವರು ಊರು ಬಿಟ್ಟು ಎಷ್ಟೋ ವರ್ಷವಾಗಿತ್ತು. ಅವರನ್ನು ಹುಡುಕಲು ಎರಡು ತಿಂಗಳು, ಅವರಿಗೆ ಬಿಡುವಾಗಲು ಇನ್ನೊಂದು ತಿಂಗಳು ಹಿಡಿಯಿತು. ಬಂದವರು ಒಳ್ಳೆಯವರು, ಬಸ್ಸಿನ ಖರ್ಚನ್ನು ಮಾತ್ರ ತೆಗೆದುಕೊಂಡು, "ನಾನೂ ಓದಿ ನೋಡಲಿಲ್ಲ ಯಜಮಾನರೇ" ಎಂದು ನಮ್ಮ ತಂದೆಯವರ ಕೈ ಹಿಡಿದುಕೊಂಡರು. ಅವರು ಬದುಕಿರದಿದ್ದರೆ ಅವರ ವಾರಸುದಾರರೆಲ್ಲರನ್ನೂ ಹಿಡಿದು ತರಬೇಕಾಗುತ್ತಿತ್ತು. ಆದುದರಿಂದ, ಮಿತ್ರರೆ, ಮನೆಯಲ್ಲಿ ಟ್ರಂಕಿನೊಳಗೆ ಕ್ರಯಪತ್ರವೊಂದು ಇದ್ದರೆ ಈ ರಜದಲ್ಲಿಯೇ ಅದನ್ನು ಬಿಚ್ಚಿ, ನಾಲ್ಕು ದಿಕ್ಕುಗಳನ್ನೂ ಅಳತೆಯನ್ನೂ ಹೆಸರಿನ ಅಕ್ಷರಗಳನ್ನೂ ನೋಡಿರಿ. ಮಾರಿದವರು ಬದುಕಿರುವಾಗಲೇ ನೋಡಿರಿ.

ನಮ್ಮದು ತಿದ್ದಬಹುದಾದ ತಪ್ಪು. ತಿದ್ದಲು ಬಾರದ ತಪ್ಪೊಂದಿದೆ; ನಮ್ಮಂಥ ಊರುಗಳ ಅಂಚಿನಲ್ಲಿ ಅದೇ ಹೆಚ್ಚು. ಬೇಸಾಯದ ಭೂಮಿಯಲ್ಲಿ ಮನೆ ಕಟ್ಟಬೇಕಾದರೆ 1964ರ ಭೂಕಂದಾಯ ಕಾಯಿದೆಯ 95ನೆಯ ಪ್ರಕರಣದಂತೆ ಮೊದಲು ಭೂಪರಿವರ್ತನೆಯಾಗಬೇಕು. ಅನಂತರ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯ 17ನೆಯ ಪ್ರಕರಣದಂತೆ ಯೋಜನಾ ಪ್ರಾಧಿಕಾರವು ಬಡಾವಣೆಯ ನಕ್ಷೆಯನ್ನು ಮಂಜೂರು ಮಾಡಬೇಕು. ಆಗ ರಸ್ತೆ, ಚರಂಡಿ, ಉದ್ಯಾನಗಳಿಗೆ ಜಾಗ ಬಿಟ್ಟು ಉಳಿದುದನ್ನು ಮಾತ್ರ ಮಾರಬಹುದು. ಇದೊಂದೂ ಇಲ್ಲದೆ ಹೊಲಕ್ಕೆ ಸುಣ್ಣದ ಗೆರೆ ಎಳೆದು, ಕಲ್ಲು ನೆಟ್ಟು, ಗುಂಟೆ ಲೆಕ್ಕದಲ್ಲಿ ಮಾರಿದುದೇ ರೆವಿನ್ಯೂ ಸೈಟು. ಅದರ ಬೆಲೆ ಅಗ್ಗ. ಆದುದರಿಂದಲೇ ಗಾರೆ ಕೆಲಸದವರು, ಆಟೋ ಓಡಿಸುವವರು, ಗಾರ್ಮೆಂಟ್ಸಿಗೆ ಹೋಗುವವರು ಅದನ್ನು ಕೊಂಡರು. ನಮ್ಮ ತಂದೆಯ ಜೊತೆಯಲ್ಲಿ ಕೆಲಸ ಮಾಡುವ ಇನ್ನೊಬ್ಬರು ನಮ್ಮ ಸೈಟಿನಿಂದ ಎರಡು ರಸ್ತೆ ಆಚೆಗೆ ಅಂಥದೊಂದನ್ನು ನಮಗಿಂತ ಮೊದಲೇ ಕೊಂಡಿದ್ದರು. ಇಬ್ಬರ ದುಡಿಮೆಯೂ ಒಂದೇ, ಕೂಲಿಯೂ ಒಂದೇ. ನಮ್ಮ ತಂದೆಗೆ ಅಂದು ಮಂಜೂರಾದ ಬಡಾವಣೆಯ ಸೈಟು ಸಿಕ್ಕಿದ್ದು ಜಾಣತನದಿಂದಲ್ಲ. ಅವರು ಕೆಲಸ ಮಾಡುತ್ತಿದ್ದ ಮನೆಯ ಯಜಮಾನರೊಬ್ಬರು ಒಂದು ಮಾತು ಹೇಳಿದ್ದರಿಂದ. ಆ ಒಂದು ಮಾತಿನಿಂದ ಇಂದು ನಮಗೆ ಪರವಾನಗಿಯ ದಾರಿಯಾದರೂ ಇದೆ. ಅವರು ಶೀಟಿನ ಮನೆಯಲ್ಲಿದ್ದಾರೆ.

ಇಂಥವರಿಗಾಗಿ ಸರ್ಕಾರಗಳು ಏನೂ ಮಾಡಲಿಲ್ಲವೆಂದು ಹೇಳಲಾಗದು. ಯೋಜನಾ ಕಾಯಿದೆಗೆ 76 ಎಫ್‌ಎಫ್ ಎಂಬ ಪ್ರಕರಣವನ್ನು ಸೇರಿಸಿ, ದಂಡ ಕಟ್ಟಿಸಿಕೊಂಡು ಸಕ್ರಮಗೊಳಿಸುವ ಯೋಜನೆ ಬಂದಿತು. ಅದೇ ಜನರ ಬಾಯಲ್ಲಿ ಅಕ್ರಮ ಸಕ್ರಮ. 2014ರಲ್ಲಿ ಅದಕ್ಕೆ ನಿಯಮಗಳಾದುವು. 2016ರ ಡಿಸೆಂಬರಿನಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಮರು ತಿಂಗಳೇ ಸುಪ್ರೀಂ ಕೋರ್ಟು ತಡೆಯಾಜ್ಞೆ ಕೊಟ್ಟಿತು. 2025ರ ಫೆಬ್ರವರಿಯಲ್ಲಿ ರಾಜ್ಯದ ನಗರಗಳಲ್ಲಿ ಇಂಥ ಸ್ವತ್ತುಗಳಿಗೆ ಬಿ-ಖಾತೆಯನ್ನು ಕೊಡುವ ಅಭಿಯಾನ ಆರಂಭವಾಯಿತು. ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಹೋಗಲಾಡಿಸಬೇಕು. ಖಾತೆಯೆಂಬುದು ಕಂದಾಯದ ಲೆಕ್ಕದ ಪುಸ್ತಕದಲ್ಲಿ ಒಂದು ಹೆಸರು. ಅದು ಒಡೆತನದ ಪತ್ರವೂ ಅಲ್ಲ, ಬಡಾವಣೆಯ ಮಂಜೂರಾತಿಯೂ ಅಲ್ಲ. "ಕಂದಾಯ ಕಟ್ಟಿಸಿಕೊಳ್ಳುತ್ತಾರೆ, ಮನೆ ಕಟ್ಟಲು ಬಿಡುವುದಿಲ್ಲವೆ?" ಎಂದು ಆ ನಮ್ಮ ಸ್ನೇಹಿತರು ನನ್ನನ್ನೇ ಕೇಳಿದರು. ಕಾನೂನಿನ ಉತ್ತರ ನನ್ನಲ್ಲಿತ್ತು. ಅದನ್ನು ಅವರ ಮುಖ ನೋಡಿ ಹೇಳಲು ಆಗಲಿಲ್ಲ. ಚರಂಡಿಗೂ ಉದ್ಯಾನಕ್ಕೂ ಜಾಗ ಬಿಡದೆ ಮಾರಿ ಲಾಭ ಮಾಡಿಕೊಂಡವನು ಒಬ್ಬ, ಕೌಂಟರಿನ ಮುಂದೆ ನಿಂತು ಉತ್ತರ ಹೇಳಬೇಕಾದವನು ಇನ್ನೊಬ್ಬ. ಈ ವ್ಯವಸ್ಥೆಯಲ್ಲಿ ನನಗೆ ಒಪ್ಪಿಗೆಯಾಗದುದು ಇದೊಂದು.

ಇನ್ನು ಹೇಳಲು ಸಂಕೋಚವಾದರೂ ಹೇಳಬೇಕಾದ ವಿಷಯ. ಆಫೀಸಿನ ಹೊರಗೆ ಮರದ ಕೆಳಗೆ ಕುಳಿತಿದ್ದ ಮಧ್ಯವರ್ತಿಯೊಬ್ಬರು, ಅರ್ಜಿಯನ್ನು "ಒಳಗಿನಿಂದ" ಮಾಡಿಸಿಕೊಡಲು ಒಂದು ಮೊತ್ತವನ್ನು ಹೇಳಿದರು. ನಮ್ಮ ತಂದೆ ಆ ಮೊತ್ತವನ್ನು ಆಗಲೇ ಸಿಮೆಂಟು, ಕಬ್ಬಿಣ, ಜಲ್ಲಿಗಳ ಜೊತೆಗೆ ಖರ್ಚಿನ ಪಟ್ಟಿಯಲ್ಲಿ ಸೇರಿಸಿಬಿಟ್ಟಿದ್ದರು. ಅದೂ ಒಂದು ಶುಲ್ಕವೆಂದೇ ಅವರ ಎಣಿಕೆ. ಬೇಡವೆಂದು ನಾನು ಹಟ ಹಿಡಿದೆ. ಮನೆಯಲ್ಲಿ ಎರಡು ದಿನ ಮಾತಿಲ್ಲ. 2011ರ ಸಕಾಲ ಕಾಯಿದೆಯಂತೆ ಅರ್ಜಿ ಕೊಟ್ಟವನಿಗೆ ಹದಿನೈದು ಅಂಕಿಗಳ ಸಂಖ್ಯೆಯೊಂದು ಸಿಗಬೇಕು. ಗೊತ್ತಾದ ಅವಧಿಯಲ್ಲಿ ಕೆಲಸ ಆಗದಿದ್ದರೆ ಮೇಲಿನವರಿಗೆ ಮೇಲ್ಮನವಿ ಮಾಡಬಹುದು. ತಡವಾದ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿ ಮೀರದಂತೆ ಪರಿಹಾರವೂ ಉಂಟು. ಇಪ್ಪತ್ತು ರೂಪಾಯಿಗೆ ಯಾರೂ ಹೆದರಲಾರರು. ಆದರೆ ಆ ಸಂಖ್ಯೆಯಿರುವ ಚೀಟಿ ಕೈಯಲ್ಲಿದ್ದರೆ ಕಡತ ಯಾರ ಮೇಜಿನಲ್ಲಿ ಎಷ್ಟು ದಿನದಿಂದ ಇದೆಯೆಂದು ಕೇಳುವ ಧೈರ್ಯ ನಮಗೆ ಬರುತ್ತದೆ. ತಿದ್ದುಪಡಿ ಪತ್ರವನ್ನೂ ತಿದ್ದಿದ ಖಾತೆಯನ್ನೂ ಸೇರಿಸಿ ಹೊಸದಾಗಿ ಅರ್ಜಿ ಹಾಕಿ, ಆ ಚೀಟಿ ಹಿಡಿದು ನಾನು ಐದು ಸಲ ಹೋದೆ. ಮಧ್ಯವರ್ತಿಯ ಮೂಲಕ ಹೋಗಿದ್ದರೆ ಬೇಗ ಆಗುತ್ತಿತ್ತೆಂದು ನಮ್ಮ ತಂದೆ ಇಂದಿಗೂ ಹೇಳುವರು. ಇರಬಹುದು.

ಪರವಾನಗಿ ಇಲ್ಲದೆಯೇ ಕಟ್ಟಿಕೊಂಡವರು ನಮ್ಮೂರಲ್ಲಿ ಎಷ್ಟೋ ಮಂದಿ ಇರುವಾಗ ಇಷ್ಟು ಶ್ರಮವೇಕೆ ಎಂಬ ಪ್ರಶ್ನೆಗೆ ಈಚೆಗೆ ಉತ್ತರ ಕಠಿನವಾಗಿದೆ. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟು, ಕಟ್ಟಡವು ಮಂಜೂರಾದ ನಕ್ಷೆಯಂತೆ ಮುಗಿದಿದೆಯೆಂಬ ಪ್ರಮಾಣಪತ್ರವನ್ನು ನೋಡಿದ ಮೇಲೆಯೇ ವಿದ್ಯುತ್ತು, ನೀರು, ಒಳಚರಂಡಿಯ ಸಂಪರ್ಕಗಳನ್ನು ಕೊಡಬೇಕೆಂದು ಆದೇಶಿಸಿತು. ಇದರಿಂದ 2025ರಲ್ಲಿ ರಾಜ್ಯದಾದ್ಯಂತ ಸಾವಿರಾರು ಹೊಸ ಮನೆಗಳಿಗೆ ವಿದ್ಯುತ್ ಸಂಪರ್ಕ ನಿಂತಿತು. ಸಣ್ಣ ನಿವೇಶನಗಳ ಮನೆಗಳಿಗೆ ರಿಯಾಯಿತಿ ಕೊಡಲು ಅದೇ ವರ್ಷ ಸರ್ಕಾರ ತೀರ್ಮಾನಿಸಬೇಕಾಯಿತು. ಆ ಆದೇಶವನ್ನು ಬರಿಯ ಕಠೋರವೆಂದು ತಳ್ಳಿಹಾಕುವ ಮುಂಚೆ ಧಾರವಾಡದ ಕುಮಾರೇಶ್ವರ ನಗರವನ್ನು ನೆನೆಯಬೇಕು. ಅಲ್ಲಿ 2019ರ ಮಾರ್ಚ್ 19ರಂದು, ಕಟ್ಟುತ್ತಿದ್ದ ಬಹು ಅಂತಸ್ತಿನ ಕಟ್ಟಡವೊಂದು ಕುಸಿದು 19 ಮಂದಿ ಸತ್ತರು. ಆ ಸುದ್ದಿ ಬಂದ ಸಂಜೆ ನಮ್ಮ ತಂದೆ ಊಟ ಮಾಡಲಿಲ್ಲ. ಸ್ಲ್ಯಾಬಿನ ಕೆಳಗೆ ನಿಲ್ಲುವುದೆಂದರೆ ಏನೆಂದು ಅವರು ಬಲ್ಲರು.

ಶುಲ್ಕಗಳ ವಿಚಾರ ಹೆಚ್ಚು ಹೇಳಬೇಕಾದ್ದಿಲ್ಲ. ಊರಿಂದೂರಿಗೆ ಅವು ಬೇರೆ. ಒಂದನ್ನು ಮಾತ್ರ ಹೇಳುವೆನು. ಕಟ್ಟುವ ಖರ್ಚಿನಲ್ಲಿ ನೂರಕ್ಕೆ ಒಂದರಂತೆ ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆಂದು ಸುಂಕ ತೆಗೆದುಕೊಳ್ಳುವ ಪದ್ಧತಿ 1996ರ ಕೇಂದ್ರ ಕಾಯಿದೆಯಿಂದ ಬಂದಿತು. ದೊಡ್ಡ ಮನೆ ಕಟ್ಟುವವರು ಇದನ್ನು ಕಟ್ಟುವಾಗ ಗೊಣಗುವುದನ್ನು ಆ ಕೌಂಟರಿನಲ್ಲಿಯೇ ಕೇಳಿದೆ. ನಾನು ಮಾತಾಡಲಿಲ್ಲ. ನಮ್ಮ ತಂದೆ ಆ ಮಂಡಳಿಯಲ್ಲಿ ನೋಂದಾಯಿತ ಕಾರ್ಮಿಕರು; ಎರಡನೆಯ ಬಿ.ಎ.ಯಲ್ಲಿ ನನ್ನ ಪುಸ್ತಕಗಳೂ ಪರೀಕ್ಷೆಯ ಶುಲ್ಕವೂ ಆ ನಿಧಿಯ ಸಹಾಯಧನದಿಂದಲೇ ಬಂದಿದ್ದುವು.

ಕೊನೆಗೆ ಪರವಾನಗಿ ಕೈಗೆ ಬಂದದ್ದು ಮೊದಲ ಅರ್ಜಿ ಹಾಕಿದ ಏಳನೆಯ ತಿಂಗಳಲ್ಲಿ. ಅದರಲ್ಲಿದ್ದ ಷರತ್ತುಗಳನ್ನೆಲ್ಲ ನಾನು ಗಟ್ಟಿಯಾಗಿ ಓದಿ ಹೇಳಿದೆ. ನಮ್ಮ ತಂದೆ ಕೇಳುತ್ತ, ಮುದ್ರೆ ಬಿದ್ದ ನಕ್ಷೆಯ ಮೇಲೆ ಬೆರಳಾಡಿಸುತ್ತಿದ್ದರು. ಮರುದಿನ ಬೆಳಗ್ಗೆ ಸೈಟಿನಲ್ಲಿ ಗೂಟ ಹೊಡೆದು ದಾರ ಕಟ್ಟಿದರು. ಮೂಲೆಯಿಂದ ಒಂದು ದಾರದ ಮೇಲೆ ಮೂರು ಅಡಿ, ಇನ್ನೊಂದರ ಮೇಲೆ ನಾಲ್ಕು ಅಡಿ ಗುರುತು ಮಾಡಿ, ಅಡ್ಡಲಾಗಿ ಐದು ಅಡಿ ಸರಿಯಾಗಿ ಬಂದಿತೇ ಎಂದು ನೋಡಿದರು. ಟೇಪಿನ ಇನ್ನೊಂದು ತುದಿಯನ್ನು ಹಿಡಿದಿದ್ದವನು ನಾನು. "ಮೂವತ್ತಡಿ ಯಾವ ಕಡೆಗೋ?" ಎಂದು ಕೇಳಿದರು. ಪೂರ್ವ ಪಶ್ಚಿಮ ಎಂದೆ.